ಬೋರ್ಡಿನ ಹಿಂದಿನ ಸಂಸಾರ

ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಫೋನು ಬಂದಾಗ, ಅಂದು ಸಂಜೆ ನಾಲ್ಕಕ್ಕಿದ್ದ ಅನಾವರಣದ ಪರದೆ ಹಸಿರಾಗಿರಬೇಕೋ ನೀಲಿಯಾಗಿರಬೇಕೋ ಎಂಬ ಗಹನವಾದ ವಿಷಯದ ಮೇಲೆ ಸಂಯೋಜಕಿ ಐದು ಸಂಸ್ಥೆಗಳಿಗೆ ಐದನೆಯ ಪತ್ರ ಬರೆಯುತ್ತಿದ್ದಳು.

"ಮಗಳೇ, ನಿನ್ನ ಬೋರ್ಡು ಬಂದು ಕೂತಿದೆ," ಎಂದರು ಆ ಕಡೆಯಿಂದ ಚಿಕ್ಕಪ್ಪ. "ಚೆನ್ನಾಗಿದೆ, ಗಟ್ಟಿಮುಟ್ಟಾಗಿದೆ. ಒಂದೇ ಒಂದು ತೊಂದರೆ."

"ಏನು ಚಿಕ್ಕಪ್ಪ?"

"ನನ್ನ ಹಕ್ಕಿಗಳ ಬಾಗಿಲ ಮೇಲೇ ಕೂತಿದೆ."

ಸಂಯೋಜಕಿಯ ಕೈಯಲ್ಲಿದ್ದ ಪೆನ್ನು 'ಹಸಿ' ಎಂಬಲ್ಲಿಗೇ ನಿಂತುಹೋಯಿತು.

ಚಿಕ್ಕಪ್ಪ ಹಳೆಯ ಪಂಪ್‌ಹೌಸಿನ ಆಪರೇಟರು. ಬಸ್ ನಿಲ್ದಾಣಕ್ಕೆ ಮುಖ ಮಾಡಿದ ಅದರ ಕಲ್ಲುಗೋಡೆಯಲ್ಲಿ, ಎಂದೋ ಕಿತ್ತುಹಾಕಿದ ಪೈಪೊಂದು ಬಿಟ್ಟುಹೋದ ಮುಷ್ಟಿ ಗಾತ್ರದ ತೂತಿತ್ತು. ಒಂಬತ್ತು ವರ್ಷಗಳಿಂದ ಗೊರವಂಕದ ಜೋಡಿಯೊಂದು ಅಲ್ಲಿ ಸಂಸಾರ ಹೂಡಿತ್ತು. ಇದನ್ನು ಚಿಕ್ಕಪ್ಪ ಯಾರಿಗೂ ಹೇಳಿರಲಿಲ್ಲ. ಅಣ್ಣನ ಮಗಳಿಗೆ ಮಾತ್ರ, ಅದೂ ಅವಳು ಕಾಡಿ ಬೇಡಿದ ಮೇಲೆ, ಹೇಳಿದ್ದರು. ನಗರದ ಜೀವವೈವಿಧ್ಯದ ಬಗ್ಗೆ ಜನರಲ್ಲಿ ಅರಿವು ಮೂಡಿಸಲು ಐದು ಸಂಸ್ಥೆಗಳು ಕೈಜೋಡಿಸಿದ್ದವು. ಕೈಜೋಡಿಸಿದ ಮೇಲೆ ಜನರಿಗೆ ತೋರಿಸಲು ಒಂದಾದರೂ ಜೀವ ಬೇಕಲ್ಲ ಎಂಬುದು ಮೂರನೆಯ ತಿಂಗಳಿನಲ್ಲಿ ಎಲ್ಲರಿಗೂ ಹೊಳೆದಿತ್ತು.

"ಬೋರ್ಡು ಬಿದ್ದ ಕಡೆ ಯಾವುದೂ ಉಳಿಯಲ್ಲ ಕಣೇ," ಎಂದು ಅಂದೇ ಚಿಕ್ಕಪ್ಪ ತಕರಾರು ತೆಗೆದಿದ್ದರು. "ಕೆರೆಗೆ ಬೋರ್ಡು ಹಾಕಿದ್ರು. ಕೆರೆ ಹೋಯ್ತು, ಬೋರ್ಡು ಇದೆ."

"ಒಂದು ಗರಿ ಅಲುಗಿದ್ರೂ ನನ್ನನ್ನ ಕೇಳಿ," ಎಂದು ಅವಳು ಮಾತು ಕೊಟ್ಟಿದ್ದಳು.

ಈಗ ಅವರು ಕೇಳುತ್ತಿದ್ದರು.

"ಒಳಗೆ ನಾಲ್ಕು ಮರಿ. ಮೊಟ್ಟೆ ಒಡೆದು ಆರು ದಿನ. ಬೋಲ್ಟು ಬಿಗಿದಿದ್ದು ಎಂಟು ಗಂಟೆಗೆ. ಈಗ ನೀನೇ ಲೆಕ್ಕ ಹಾಕು."

ಅವಳು ಲೆಕ್ಕ ಹಾಕುತ್ತ ಕೂರಲಿಲ್ಲ. ಸ್ಕೂಟರಿನ ಕೀಲಿ ಎತ್ತಿಕೊಂಡು ಓಡಿದಳು.

ದಾರಿಯುದ್ದಕ್ಕೂ ಅವಳಿಗೆ ತನ್ನದೇ ಕೈಬರಹ ಕಣ್ಣಿಗೆ ಕಟ್ಟುತ್ತಿತ್ತು. ಮೊದಲನೆಯ ಸಭೆಯಲ್ಲಿ ಬೋರ್ಡು ನಾಲ್ಕಡಿ ಅಗಲ, ಮೂರಡಿ ಎತ್ತರ. ನೆಲದಿಂದ ನಾಲ್ಕಡಿ ಬಿಟ್ಟು, ತೂತಿನ ಕೆಳಗೆ ಅದನ್ನು ಕೂರಿಸಿ, ಮೇಲಕ್ಕೊಂದು ಬಾಣದ ಗುರುತು ಹಾಕುವುದೆಂದು ತೀರ್ಮಾನವಾಗಿತ್ತು. ಎರಡನೆಯ ಸಭೆಯಲ್ಲಿ ಬ್ಯಾಂಕಿನವರು ತಮ್ಮ ಲಾಂಛನ ಬಸ್ಸಿನವರ ಲಾಂಛನಕ್ಕಿಂತ ಸಣ್ಣದಾಗಿ ಕಾಣುತ್ತಿದೆಯೆಂದರು, ಬೋರ್ಡು ಬೆಳೆಯಿತು. ಮೂರನೆಯದರಲ್ಲಿ ಬಸ್ಸಿನವರು ಅದೇ ಮಾತು ಹೇಳಿದರು, ಮತ್ತೆ ಬೆಳೆಯಿತು. ನಾಲ್ಕನೆಯದರಲ್ಲಿ ಕಾಲೇಜಿನವರು ಮತ್ತು ನೀರಿನವರು ಒಟ್ಟಿಗೇ ಮುನಿಸಿಕೊಂಡರು. ಐದನೆಯದರಲ್ಲಿ, ಎಲ್ಲರೂ ಚಹಾ ಮುಗಿಸಿ ಏಳುವ ಹೊತ್ತಿಗೆ, ಯಾರೋ "ಅಧ್ಯಕ್ಷರ ಫೋಟೋ?" ಎಂದರು. ಆ 'ಯಾರೋ' ಯಾರೆಂದು ಇಂದಿಗೂ ತಿಳಿದಿಲ್ಲ. ನಗರಸಭೆಯ ಅಧ್ಯಕ್ಷರ ಫೋಟೋ ಬೇಡವೆನ್ನುವ ಬಾಯಿ ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ. ಬೋರ್ಡು ಹದಿನಾರಡಿಗೆ ಒಂಬತ್ತಡಿಯಾಗಿ ನಿಂತಿತು.

ಪ್ರತಿ ಸಲವೂ ಅವಳು ನಡಾವಳಿಯಲ್ಲಿ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ದುಂಡಗೆ ಬರೆದಿದ್ದಳು. 'ನೆಲದಿಂದ ನಾಲ್ಕಡಿ' ಎಂಬ ಮೊದಲ ಸಭೆಯ ಸಾಲನ್ನು ತಿದ್ದಬೇಕೆಂದು ಯಾರಿಗೂ ತೋಚಲಿಲ್ಲ, ಅವಳಿಗೂ ಸಹ. ನಾಲ್ಕಡಿಯಿಂದ ಮೇಲಕ್ಕೆ ಒಂಬತ್ತಡಿ ಬೆಳೆದ ಬೋರ್ಡು ಹತ್ತಡಿ ಎತ್ತರದ ತೂತನ್ನು ಏನು ಮಾಡುತ್ತದೆಂದು ತಿಳಿಯಲು ಗಣಿತದ ಪದವಿಯೇನೂ ಬೇಕಿರಲಿಲ್ಲ.

ಗೋಡೆಯ ಮುಂದೆ ಅಧ್ಯಕ್ಷರು ನಗುತ್ತಿದ್ದರು. ಬೋರ್ಡಿನ ಅಂಚಿಗೆ ತಾಗಿದ ಮೂರಡಿ ಉದ್ದದ ಮುಖ, ಮೇಲಿನ ಸಾಲಿನ ಹಲ್ಲು ಅಷ್ಟೂ ಕಾಣುವ ತೆರೆದ ಬಾಯಿ. ಪಕ್ಕದಲ್ಲಿ ಐದು ಲಾಂಛನಗಳು. ತಳದಲ್ಲಿ, ಅಂಗೈ ಅಗಲದ ಜಾಗದಲ್ಲಿ, ಇಡೀ ಯೋಜನೆಯ ಉದ್ದೇಶ: 'ಈ ತೂತಿನಲ್ಲೊಂದು ಗೊರವಂಕದ ಸಂಸಾರವಿದೆ. ಮರಿಗಳಿಗೆ ಉಣಿಸುವ ಹೊತ್ತಿನಲ್ಲಿ ದಯವಿಟ್ಟು ಸದ್ದು ಮಾಡಬೇಡಿ.' ಅದರ ಪಕ್ಕದ ಬಾಣ ನೆಟ್ಟಗೆ ಅಧ್ಯಕ್ಷರ ಮುಖವನ್ನು ತೋರಿಸುತ್ತಿತ್ತು.

ಬೋರ್ಡಿನ ನೆತ್ತಿಯ ಮೇಲೆ ಎರಡು ಗೊರವಂಕಗಳು. ಒಂದರ ಕೊಕ್ಕಿನಲ್ಲಿ ಹಸಿರು ಹುಳು ಇನ್ನೂ ಒದ್ದಾಡುತ್ತಿತ್ತು. ಇನ್ನೊಂದು, ಒಂದೇ ಅರ್ಜಿ ಹಿಡಿದು ಕಚೇರಿಗೆ ಏಳನೆಯ ಸಲ ಬಂದವರ ಹಾಗೆ, ಯಾರೆಂದು ನೋಡದೆ ಎಲ್ಲರನ್ನೂ ಬಯ್ಯುತ್ತಿತ್ತು.

ಚಿಕ್ಕಪ್ಪ ಏಣಿ ಹತ್ತಿ ಬೋರ್ಡಿನ ಪಕ್ಕದ ಗೋಡೆಗೆ ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡಿದ್ದರು. ಓಡುತ್ತಿರುವ ಪಂಪಿನ ಬೇರಿಂಗು ಸವೆದಿದೆಯೇ ಎಂದು ಅವರು ನೋಡುತ್ತಿದ್ದುದು ಹೀಗೆಯೇ. ಯಂತ್ರದ ಹೊಟ್ಟೆಯ ಸದ್ದು ಕಬ್ಬಿಣದ ಮೂಲಕ ಕಿವಿಗೆ ಬರುತ್ತದೆ.

"ನಾಲ್ಕೂ ಕೂಗ್ತಿವೆ," ಎಂದರು ಇಳಿದು ಬಂದು. "ಸದ್ಯಕ್ಕೆ."

"ಒಳಗಡೆಯಿಂದ ತೆಗೆಯೋಕೆ ಆಗಲ್ವಾ?"

"ಎರಡಡಿ ಕಲ್ಲು ಕಣಮ್ಮ. ಒಳಗಿನ ಬಾಯಿಗೆ ನಾನೇ ಸಿಮೆಂಟು ಮೆತ್ತಿದ್ದೀನಿ, ಬೆಕ್ಕು ಬರಬಾರದು ಅಂತ. ಬೆಕ್ಕು ಬಂದಿದ್ರೇ ವಾಸಿಯಿತ್ತು."

ಬೋರ್ಡು ಮಾಡಿಕೊಟ್ಟವನು ಅಲ್ಲೇ ಬೀಡಿ ಸೇದುತ್ತ ನಿಂತಿದ್ದ. ಅವನ ಅಡ್ಡಹೆಸರು ಬ್ರಷ್ಷು. ಅವನು ಬ್ರಷ್ಷು ಮುಟ್ಟಿ ಹತ್ತು ವರ್ಷವಾಗಿತ್ತು, ಈಗ ಎಲ್ಲವನ್ನೂ ಯಂತ್ರ ಅಚ್ಚು ಹಾಕಿ ಕೊಡುತ್ತಿತ್ತು. "ಬಿಚ್ಚೋದು ಸಾಧ್ಯ ಇಲ್ಲ ಮೇಡಂ," ಎಂದ. "ಇಪ್ಪತ್ತು ಬೋಲ್ಟು. ಕ್ರೇನು ಹೋಗಿದೆ, ಸಂಜೆ ಆರಕ್ಕೆ ಮುಂಚೆ ಸಿಗಲ್ಲ. ಬೇಕಾದ್ರೆ ತೂತು ಕೊರೀಬಹುದು. ಹತ್ತು ನಿಮಿಷದ ಕೆಲಸ."

"ಕೊರೀರಿ ಮತ್ತೆ."

ಬ್ರಷ್ಷು ಬೀಡಿಯ ತುದಿಯಿಂದ ಪಕ್ಕಕ್ಕೆ ತೋರಿಸಿದ. ಬೋರ್ಡಿನ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕಾವಲುಗಾರನೊಬ್ಬ ಕುಳಿತಿದ್ದ. ಹಕ್ಕಿಗಳಿಗೆ ಕಾವಲಿರಲಿಲ್ಲ, ಅಧ್ಯಕ್ಷರ ಫೋಟೋಗೆ ಇತ್ತು.

"ಒಪ್ಪಂದದ ಹನ್ನೊಂದನೇ ಕಲಮು," ಎಂದ ಅವನು, ಯಾರೂ ಕೇಳುವ ಮೊದಲೇ. "ಬೋರ್ಡಿಗೆ ಯಾವ ಬದಲಾವಣೆ ಮಾಡಬೇಕಿದ್ರೂ ಐದೂ ಸಂಸ್ಥೆಯವರ ಸಹಿ ಬೇಕು. ನನಗೆ ಕಾಗದ ಕೊಟ್ಟಿದ್ದಾರೆ."

ಆ ಕಾಗದವನ್ನು ಬರೆದವಳು ಸಂಯೋಜಕಿಯೇ.

ಬ್ರಷ್ಷು ಅಳತೆಪಟ್ಟಿ ಎಳೆದ. ಪಂಪ್‌ಹೌಸಿನ ಗೇಟಿನಿಂದ ಇಷ್ಟು, ನೆಲದಿಂದ ಇಷ್ಟು. ಚಿಕ್ಕಪ್ಪ ನೆನಪಿನಿಂದ ಅಳತೆ ಕೂಗಿದರು, ಅವನು ಸೀಮೆಸುಣ್ಣದಿಂದ ಗುರುತು ಹಾಕಿದ. ಹಾಕಿ ಹಿಂದೆ ಸರಿದು ನೋಡಿದ. ಮತ್ತೊಮ್ಮೆ ಅಳೆದ. ಗುರುತು ಅದೇ ಜಾಗಕ್ಕೆ ಬಿತ್ತು: ಅಧ್ಯಕ್ಷರ ಬಾಯಿಯ ನಟ್ಟನಡುವೆ.

ಬ್ರಷ್ಷು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ.

"ಫೋಟೋ ಅನ್ನೋದು ಲಾಂಛನ ಅಲ್ಲ ಅಲ್ವಾ," ಎಂದಳು ಸಂಯೋಜಕಿ ನಿಧಾನವಾಗಿ.

"ಅಲ್ಲ," ಎಂದರು ಚಿಕ್ಕಪ್ಪ.

"ಅಧ್ಯಕ್ಷರ ಸಹಿ ಬೇಕು ಅಂತ ಹನ್ನೊಂದನೇ ಕಲಮಿನಲ್ಲಿ ಇಲ್ಲ."

"ಇಲ್ಲ," ಎಂದ ಕಾವಲುಗಾರ, ಕಾಗದ ಬಿಚ್ಚಿ ಓದಿ ನೋಡಿದ ಮೇಲೆ. ಅವನ ಮುಖದಲ್ಲಿ ಮೊದಲ ಬಾರಿಗೆ ಜೀವ ಕಂಡಿತು.

ಕಾಲೇಜು ಹತ್ತಿರವಿದ್ದುದರಿಂದ ಮೊದಲು ಅಲ್ಲಿಗೆ. ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು ಗಾಜಿನ ಜಾಡಿಗಳ ನಡುವೆ ಕುಳಿತು, ತೂತು ಕೊರೆಯಲು ಒಪ್ಪಿಗೆ ಕೇಳಿ ಅವಳು ಬರೆದು ತಂದ ಕಾಗದವನ್ನು ಎರಡು ಸಲ ಓದಿದರು.

"ನಮ್ಮ ಲಾಂಛನಕ್ಕೆ ಏನೂ ಆಗಲ್ಲ ತಾನೇ?"

"ಕೂದಲೂ ಕೊಂಕಲ್ಲ ಸಾರ್. ಮರಿಗಳಿಗೆ ಎಷ್ಟು ಹೊತ್ತು ಇದೆ?"

"ಆರು ದಿನದ ಮರಿಗಳಾ? ಮಧ್ಯಾಹ್ನದ ತನಕ ಚಿಂತೆ ಇಲ್ಲ. ಎರಡರ ಮೇಲೆ ಚಿಂತೆ. ಸಂಜೆಯಾದ್ರೆ ಚಿಂತೆಯೇ ಬೇಡ." ಅವರು ಸಹಿ ಮಾಡಿದರು. "ತಾಯಿ ತಂದೆ ಅಲ್ಲೇ ಸುತ್ತಾಡ್ತಿರೋ ತನಕ ಆಸೆ ಇದೆ. ಅವು ಬಿಟ್ಟು ಹೋದ್ರೆ ನನ್ನನ್ನ ಕರೀಬೇಡಿ, ನನಗೆ ಬೇಜಾರಾಗುತ್ತೆ."

ಹತ್ತೂ ನಲವತ್ತು. ಬಸ್ ಡಿಪೋದಲ್ಲಿ ಸಂಚಾರ ವ್ಯವಸ್ಥಾಪಕರು ಎಂಜಿನ್ನುಗಳ ಗದ್ದಲದ ನಡುವೆ ಗಂಟಲು ಹರಿದುಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ತೂತು ಬ್ಯಾಂಕಿನವರ ಮೇಲೆ ಬೀಳುತ್ತಾ?"

"ಇಲ್ಲ ಸಾರ್."

"ಸ್ವಲ್ಪ ಪಕ್ಕಕ್ಕೆ ಸರಿಸೋಕೆ ಆಗಲ್ವಾ?"

"ಗೋಡೆಯ ತೂತು ಇರೋ ಕಡೇನೇ ಇರುತ್ತೆ ಸಾರ್."

ಅವರು ನಿರಾಶೆಯಿಂದ ಸಹಿ ಮಾಡಿದರು. ಹನ್ನೊಂದೂವರೆಗೆ ಬ್ಯಾಂಕಿನಲ್ಲಿ ಮ್ಯಾನೇಜರಮ್ಮ ತಣ್ಣನೆಯ ಕೋಣೆಯಲ್ಲಿ ಕುಳಿತು ಅದೇ ಪ್ರಶ್ನೆಯನ್ನು ಬಸ್ಸಿನವರ ಬಗ್ಗೆ ಕೇಳಿದರು, ಅಷ್ಟೇ ನಿರಾಶೆಯಿಂದ ಸಹಿ ಮಾಡಿದರು. ಮೂರು ಸಹಿಯಾಗಿತ್ತು.

ನಾಲ್ಕನೆಯದು ಸಿಕ್ಕಿಕೊಂಡಿತು. ನೀರು ಸರಬರಾಜಿನ ಎಂಜಿನಿಯರು ಸಹಿ ಮಾಡಲು ಸಿದ್ಧರಿದ್ದರು. ಆದರೆ ಮೊಹರಿಲ್ಲದ ತಮ್ಮ ಸಹಿಯನ್ನು ತಾವೇ ನಂಬುವುದಿಲ್ಲವೆಂದರು. ಮೊಹರು ಗುಮಾಸ್ತೆಯ ಮೇಜಿನ ಡ್ರಾಯರಿನಲ್ಲಿತ್ತು. ಡ್ರಾಯರಿನ ಕೀಲಿ ಗುಮಾಸ್ತೆಯ ಕೈಚೀಲದಲ್ಲಿತ್ತು. ಕೈಚೀಲ ಗುಮಾಸ್ತೆಯ ಜೊತೆ ಊಟಕ್ಕೆ ಹೋಗಿತ್ತು.

ಹನ್ನೆರಡೂಕಾಲಿನಿಂದ ಒಂದೂ ಹತ್ತರವರೆಗೆ ಸಂಯೋಜಕಿ ಬೆಂಚಿನ ಮೇಲೆ ಕುಳಿತು, ಎದುರಿನ ಗೋಡೆಯಲ್ಲಿದ್ದ 'ನೀರೇ ಜೀವ' ಎಂಬ ಬೋರ್ಡನ್ನು ಓದಿದಳು. ಅದರ ಕೆಳಗಿನ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಒಂದು ಗಂಟೆಗೆ ಫೋನು ನಡುಗಿತು.

"ಎರಡೇ ಕೇಳಿಸ್ತಿವೆ," ಎಂದರು ಚಿಕ್ಕಪ್ಪ.

"ಇನ್ನೆರಡು?"

"ನಿದ್ದೆ ಮಾಡ್ತಿರಬಹುದು."

ಅವರು ಸುಳ್ಳು ಹೇಳುತ್ತಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು. ಅವಳಿಗೆ ಸಣ್ಣವಳಿದ್ದಾಗ ಜ್ವರ ಬಂದರೆ ಇದೇ ದನಿಯಲ್ಲಿ ಅವರು "ಇಂಜೆಕ್ಷನ್ ನೋಯಲ್ಲ" ಎನ್ನುತ್ತಿದ್ದರು.

"ಕಾವಲಿನವನು ಏನಂತಾನೆ?"

"ಅವನೂ ಒಂದು ಸಲ ಏಣಿ ಹತ್ತಿ ಕೇಳಿಸಿಕೊಂಡ. ಈಗ ಊಟ ಬೇಡ ಅಂತ ಡಬ್ಬಿ ಮುಚ್ಚಿ ಕೂತಿದ್ದಾನೆ. ಆದ್ರೂ ಕಾಗದ ಬೇಕಂತೆ."

ಗುಮಾಸ್ತೆ ಬಂದಳು. ಮೊಹರು ಬಿತ್ತು, ಮೊದಲು ತಲೆಕೆಳಗಾಗಿ, ಆಮೇಲೆ ನೆಟ್ಟಗೆ.

ಐದನೆಯದು ಅವಳು ಕೆಲಸ ಮಾಡುವ ಉದ್ಯಾನ ಇಲಾಖೆ, ಅವಳದೇ ಮೇಲಧಿಕಾರಿ. ಮುಂದಿನ ತಿಂಗಳು ನಿವೃತ್ತರಾಗಲಿದ್ದ ಅವರು ಈಗಾಗಲೇ ಅರ್ಧ ಮೇಜನ್ನು ಖಾಲಿ ಮಾಡಿದ್ದರು. ನಾಲ್ಕು ಸಹಿಗಳನ್ನು ನೋಡಿದರು. ಲಾಂಛನಗಳಿಗೆ ಧಕ್ಕೆಯಿಲ್ಲವೆಂಬ ಸಾಲನ್ನು ಓದಿದರು. ಬೆಳಗಿನಿಂದ ಬೇರೆ ಯಾರೂ ಕೇಳದ ಪ್ರಶ್ನೆಯನ್ನು ಕೇಳಿದರು.

"ಐದರ ಮೇಲೂ ಬೀಳಲ್ಲ ಅಂದ್ರೆ, ಇನ್ನೆಲ್ಲಮ್ಮ ಬೀಳೋದು?"

ಅವಳು ಸುಳ್ಳು ಹೇಳಬಹುದಿತ್ತು. ಗಡಿಯಾರ ನೋಡಿದಳು, ಒಂದೂ ನಲವತ್ತು.

"ಅಧ್ಯಕ್ಷರ ಬಾಯಲ್ಲಿ ಸಾರ್."

ಮೇಲಧಿಕಾರಿ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ. ಕನ್ನಡಕವಿಲ್ಲದೆಯೇ ಪೆನ್ನು ಹಿಡಿದು, ಕಾಗದದ ಮೇಲೆ ಜಾಗ ತಡಕಿ, ಸಹಿ ಎಳೆದರು.

"ನಾನಿದನ್ನ ಓದಿಲ್ಲ," ಎಂದರು. "ಮೂವತ್ತೊಂದು ವರ್ಷದಿಂದ ಓದದೇ ಸಹಿ ಹಾಕಿದ್ದೀನಿ. ಇವತ್ತೊಂದು ದಿನ ಅಭ್ಯಾಸ ಬಿಟ್ರೆ ಚೆನ್ನಾಗಿರಲ್ಲ. ಹೊರಡು."

ಎರಡೂ ಐದಕ್ಕೆ ಕಾವಲುಗಾರ ಐದು ಸಹಿಗಳನ್ನೂ ಬೆರಳಿಟ್ಟು ಎಣಿಸಿ, ಕುರ್ಚಿಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟ. ಬ್ರಷ್ಷು ಏಣಿ ಹತ್ತಿದ. ಡ್ರಿಲ್ಲು ಗುಂಯ್ ಎಂದಿತು. ಅಧ್ಯಕ್ಷರ ಹಲ್ಲುಗಳಿಂದ ಬಿಳಿಯ ಪುಡಿ ಉದುರಿತು. ಹತ್ತು ನಿಮಿಷದಲ್ಲಿ ಐದಂಗುಲದ ದುಂಡನೆಯ ತುಂಡೊಂದು ಕಳಚಿ ಚಿಕ್ಕಪ್ಪನ ಅಂಗೈಗೆ ಬಿತ್ತು. ಅದರ ಹಿಂದೆ ಗೋಡೆಯ ತೂತು, ಒಳಗೆ ಕತ್ತಲು, ಕತ್ತಲಿನಿಂದ ಎಳೆಯಷ್ಟು ತೆಳ್ಳನೆಯ ಕೂಗು.

ಎಲ್ಲರೂ ದೂರ ಸರಿದು ನಿಂತರು. ಗೊರವಂಕಗಳು ತಂತಿಯ ಮೇಲಿದ್ದವು. ಬರಲಿಲ್ಲ.

ಹೆಣ್ಣುಹಕ್ಕಿ ಒಮ್ಮೆ ಹಾರಿ ಬಂದು ಅಧ್ಯಕ್ಷರ ಮೂಗಿನವರೆಗೂ ತಲುಪಿತು. ಅಷ್ಟರಲ್ಲಿ ಲಾರಿಯೊಂದು ಬಂದು ಇನ್ನೂರು ಕಬ್ಬಿಣದ ಕುರ್ಚಿಗಳನ್ನು ಧಡಧಡನೆ ಸುರಿಯಿತು; ಹಕ್ಕಿ ತಂತಿಗೆ ಮರಳಿತು. ಎರಡನೆಯ ಸಲ ಬಂದಾಗ ಮೈಕಿನವನು "ಹಲೋ, ಹಲೋ, ಒಂದು, ಎರಡು" ಎಂದ. ಮೂರನೆಯ ಸಲ ಅದು ಬರಲೇ ಇಲ್ಲ, ಏಕೆಂದರೆ ಮೂರು ಗಂಟೆಗೆ ಅಧ್ಯಕ್ಷರ ಕಚೇರಿಯ ಜನ ಬಂದು, ಗಡಿಬಿಡಿಯಲ್ಲಿ ಮುಖದತ್ತ ನೋಡದೆಯೇ, ಇಡೀ ಬೋರ್ಡಿಗೆ ಪರದೆ ಇಳಿಬಿಟ್ಟರು. ಅರ್ಧ ಹಸಿರು, ಅರ್ಧ ನೀಲಿ. ಪರದೆಗೆ ಐದು ಸಹಿ ಬೇಕೆಂದು ಸಂಯೋಜಕಿ ವಾದಿಸಿ ನೋಡಿದಳು. ಪರದೆ ಬೋರ್ಡಲ್ಲವೆಂದು ಅವರು ಹೇಳಿದರು. ಅವಳದೇ ತರ್ಕ, ಅವಳಿಗೇ ಏಟು.

"ಇನ್ನೊಂದು ಗಂಟೆ," ಎಂದಳು ಚಿಕ್ಕಪ್ಪನಿಗೆ.

"ಅಧ್ಯಕ್ಷರು ನಲವತ್ತು ನಿಮಿಷಕ್ಕೆ ಕಮ್ಮಿ ಮಾತಾಡಿದ್ದು ನೋಡಿದ್ದೀಯಾ?" ಎಂದರು ಅವರು. ಏಣಿ ಹತ್ತಿ ಸ್ಕ್ರೂಡ್ರೈವರು ಒತ್ತಿದರು. ಇಳಿದ ಮೇಲೆ ಎಷ್ಟು ಕೇಳಿಸಿತೆಂದು ಹೇಳಲಿಲ್ಲ. ಅವಳು ಕೇಳಲಿಲ್ಲ.

ನಾಲ್ಕೂ ಹನ್ನೆರಡಕ್ಕೆ ಅಧ್ಯಕ್ಷರು ಬಂದರು. ಫೋಟೋದಲ್ಲಿದ್ದುದಕ್ಕಿಂತ ಹತ್ತು ವರ್ಷ ದೊಡ್ಡವರು. ಕೈಯಲ್ಲಿ ದಪ್ಪನೆಯ ಭಾಷಣ. ಹಗ್ಗ ಎಳೆದರು, ಪರದೆ ಬಿತ್ತು.

ಮೊದಲು ನಕ್ಕವರು ಬಸ್ ನಿಲ್ದಾಣದ ಜನ. ಅವರಿಗೆ ಆಹ್ವಾನವಿರಲಿಲ್ಲ, ಆದ್ದರಿಂದ ಮರ್ಯಾದೆಯ ಹಂಗೂ ಇರಲಿಲ್ಲ. ನಗು ಕುರ್ಚಿಗಳ ಹಿಂದಿನ ಸಾಲಿಗೆ ಹತ್ತಿ, ಮುಂದಿನ ಸಾಲಿನಲ್ಲಿ ಕೆಮ್ಮಾಯಿತು. ಅಧ್ಯಕ್ಷರು ತಲೆಯೆತ್ತಿ ತಮ್ಮ ಮುಖವನ್ನು, ಮುಖದ ನಡುವಿನ ಕಪ್ಪು ತೂತನ್ನು ಬಹಳ ಹೊತ್ತು ನೋಡಿದರು.

"ಇದು ಯಾರ ಕೆಲಸ?"

ಐದು ಸಂಸ್ಥೆಗಳ ಮುಖ್ಯಸ್ಥರು ತಂತಮ್ಮ ಚಪ್ಪಲಿಗಳನ್ನು ಪರೀಕ್ಷಿಸತೊಡಗಿದರು. ಒಪ್ಪಂದಕ್ಕೆ ಸಹಿ ಬಿದ್ದಂದಿನಿಂದ ಅವರೆಲ್ಲ ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದು.

"ನನ್ನದು ಸಾರ್," ಎಂದಳು ಸಂಯೋಜಕಿ. ಐದು ಸಹಿಗಳ ಕಾಗದ ಅವಳ ಚೀಲದಲ್ಲಿತ್ತು, ಅದನ್ನವಳು ತೆಗೆಯಲಿಲ್ಲ. "ಬೋರ್ಡು ಗೂಡನ್ನ ಮುಚ್ಚಿಬಿಟ್ಟಿತ್ತು. ಒಳಗೆ ನಾಲ್ಕು ಮರಿಗಳಿವೆ, ಬೆಳಿಗ್ಗೆ ಎಂಟರಿಂದ ಉಪವಾಸ. ಸದ್ದು ನಿಂತ್ರೆ ತಾಯಿ ಒಳಗೆ ಹೋಗುತ್ತೆ. ತಾವು ಹತ್ತು ನಿಮಿಷ ಮಾತಾಡದೇ ಇದ್ರೆ ಸಾಕು."

"ಒಳಗೆ ಅಂದ್ರೆ, ನನ್ನ ಬಾಯೊಳಗೆ?"

"ಹೌದು ಸಾರ್."

ಅಧ್ಯಕ್ಷರು ಕೈಯಲ್ಲಿದ್ದ ಭಾಷಣವನ್ನು ನೋಡಿದರು. ಅಷ್ಟರಲ್ಲಿ ಬಸ್ ನಿಲ್ದಾಣದ ಬೆಂಚಿನಿಂದ, ಮಡಿಲಲ್ಲಿ ತರಕಾರಿ ಚೀಲವಿಟ್ಟುಕೊಂಡಿದ್ದ ಅಜ್ಜಿಯೊಬ್ಬರು ಹೇಳಿದರು: "ಹತ್ತು ನಿಮಿಷ ತಾನೇ. ಸುಮ್ನಿರಪ್ಪ."

ಆ ಊರಿನಲ್ಲಿ ಅಧ್ಯಕ್ಷರಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಆಸೆಪಟ್ಟವರು ಇನ್ನೂರು ಕುರ್ಚಿಗಳಲ್ಲಿ ಇನ್ನೂರು ಮಂದಿಯಾದರೂ ಇದ್ದರು. ಅವರೆಲ್ಲರೂ ಉಸಿರು ಬಿಗಿಹಿಡಿದರು. ಅಧ್ಯಕ್ಷರು ಬಾಯಿ ತೆರೆದರು. ಬೋರ್ಡಿನ ತಳದಲ್ಲಿದ್ದ ಅಂಗೈ ಅಗಲದ ಸಾಲನ್ನು, ಪ್ರಾಯಶಃ ಮೊದಲ ಬಾರಿಗೆ, ಓದಿದರು. ಬಾಯಿ ಮುಚ್ಚಿದರು. ಮೈಕನ್ನು ತಾವೇ ಆರಿಸಿ ಕೆಳಗಿಟ್ಟರು.

ಒಂದು ನಿಮಿಷ. ಬಸ್ಸೊಂದು ಬಂದಾಗ ಸಂಚಾರ ವ್ಯವಸ್ಥಾಪಕರು ಮೊದಲ ಸಾಲಿನಿಂದ ಎದ್ದು ಓಡಿ, ಎರಡೂ ಕೈ ಬೀಸಿ, ಎಂಜಿನ್ನು ಆರಿಸಿದರು. ಹತ್ತುವವರು ಹತ್ತಲಿಲ್ಲ, ಇಳಿಯಬೇಕಾದವರು ಕಿಟಕಿಗೆ ಮುಖವಿಟ್ಟರು. ಮೂರು ನಿಮಿಷ. ನಾಲ್ಕು.

ತಂತಿಯಿಂದ ಹೆಣ್ಣುಹಕ್ಕಿ ಇಳಿಯಿತು. ಕೊಕ್ಕಿನಲ್ಲಿ ಮಿಡತೆ. ಅಧ್ಯಕ್ಷರ ಕೆಳತುಟಿಯ ಮೇಲೆ ಕುಳಿತು ಆ ಕಡೆ ಈ ಕಡೆ ಕತ್ತು ಕೊಂಕಿಸಿತು. ಇನ್ನೂರು ಜನರನ್ನು ಹಳದಿಗಣ್ಣಿನಿಂದ ಒಮ್ಮೆ ತೂಗಿ ನೋಡಿತು. ನಂತರ ಹಲ್ಲುಗಳ ನಡುವೆ ತಲೆ ಹಾಕಿ ಒಳಗೆ ಹೋಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಲು ಹೊರಟ ಎಂಜಿನಿಯರ ಕೈಯನ್ನು ಅವರ ಗುಮಾಸ್ತೆ ಹಿಡಿದುಕೊಂಡಳು. ಹೆಣ್ಣು ಹೊರಬಂತು, ಗಂಡು ಹುಳು ತಂದಿತು. ಮತ್ತೆ ಹೆಣ್ಣು. ಜನ ಫೋನು ಎತ್ತಿ ಹಿಡಿದಿದ್ದರು, ಬಸ್ಸು ನಿಂತೇ ಇತ್ತು. ಹತ್ತು ನಿಮಿಷ ಕಳೆದು ಇಪ್ಪತ್ತಾಗಿತ್ತು. ಬ್ಯಾಂಕಿನ ಮ್ಯಾನೇಜರಮ್ಮ ಸಂಯೋಜಕಿಯ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು: "ಮುಂದಿನ ಬೋರ್ಡಿನಲ್ಲಿ ನಮ್ಮ ಲಾಂಛನಕ್ಕೂ ಒಂದು ತೂತು ಹಾಕಿಸಿ. ಬಸ್ಸಿನವರದಕ್ಕಿಂತ ಸ್ವಲ್ಪ ದೊಡ್ಡದು."

ಅವಳಿಗೆ ಅದು ಕೇಳಿಸಲಿಲ್ಲ. ಅವಳು ಚಿಕ್ಕಪ್ಪನನ್ನು ನೋಡುತ್ತಿದ್ದಳು. ಅವರು ಏಣಿಯ ಬುಡದಲ್ಲಿ ಸ್ಕ್ರೂಡ್ರೈವರು ಹಿಡಿದು ನಿಂತಿದ್ದರು; ಹತ್ತುತ್ತಿರಲಿಲ್ಲ. ಇಡೀ ದಿನ ಹತ್ತಿ ಇಳಿದ ಮನುಷ್ಯ ಈಗ ಮೊದಲನೆಯ ಮೆಟ್ಟಿಲಿಗೆ ಕಾಲಿಡಲು ಹೆದರುತ್ತಿದ್ದರು. ಕೊನೆಗೆ ಪಕ್ಕದಲ್ಲಿದ್ದವರ ಕೈಗೆ ಅದನ್ನು ಕೊಟ್ಟರು. ಪಕ್ಕದಲ್ಲಿದ್ದವರು ಅಧ್ಯಕ್ಷರು.

"ತುದಿ ಗೋಡೆಗೆ, ಹಿಡಿ ಕಿವಿಗೆ," ಎಂದರು ಚಿಕ್ಕಪ್ಪ ಮೆಲ್ಲಗೆ. "ಎಷ್ಟಿವೆ ನೋಡಿ ಹೇಳಿ ಸಾರ್. ನನ್ನ ಕೈಲಿ ಆಗಲ್ಲ."

ಅಧ್ಯಕ್ಷರು ನಾಲ್ಕು ಮೆಟ್ಟಿಲು ಹತ್ತಿ, ತಮ್ಮದೇ ದೊಡ್ಡ ಕೆನ್ನೆಯ ಪಕ್ಕದ ಗೋಡೆಗೆ ಸ್ಕ್ರೂಡ್ರೈವರು ಒತ್ತಿದರು. ಕಣ್ಣು ಮುಚ್ಚಿದರು. ಸಂಯೋಜಕಿ ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಎಣಿಸೋಕೆ ಆಗ್ತಿಲ್ಲ," ಎಂದರು ಅಧ್ಯಕ್ಷರು, ಆವತ್ತಿನ ಅತಿ ಸಣ್ಣ ದನಿಯಲ್ಲಿ. "ಒಂದರ ಮೇಲೊಂದು ಬಿದ್ದು ಕಿರುಚಿಕೊಳ್ತಿವೆ. ನನಗೆ ಮೊದಲು, ನನಗೆ ಜಾಸ್ತಿ ಅಂತ ಜಗಳ."

ಚಿಕ್ಕಪ್ಪ ಏಣಿಯ ಬುಡದಲ್ಲೇ ಕುಸಿದು ಕುಳಿತು, ಅಣ್ಣನ ಮಗಳ ಕಡೆ ನೋಡಿದರು.

"ಹಾಗಾದ್ರೆ ಎಲ್ಲಾ ಇವೆ," ಎಂದರು.